ಸಾಲ ತೀರಿದ ಮೇಲೆ ಪತ್ರ ಹರಿಯಬೇಕು

ಉಡುತಡಿಯೆಂದೊಡನೆ ಕನ್ನಡಿಗರಿಗೆ ನೆನಪಾಗುವವಳು ಅಕ್ಕಮಹಾದೇವಿ. ಶಿಕಾರಿಪುರ ತಾಲ್ಲೂಕಿನ ಈ ಊರಿಗೂ ಜೈನ ಸಮಾಜಕ್ಕೂ ಕಥೆಗಳಲ್ಲಿರುವ ನಂಟು ಸಿಹಿಯಾದುದಲ್ಲ. ಅಕ್ಕನನ್ನು ಹಟದಿಂದ ವರಿಸಹೊರಟ ಕೌಶಿಕನನ್ನು ಜನಶ್ರುತಿ ಜೈನ ಅರಸನೆಂದೇ ಹೇಳುತ್ತ ಬಂದಿದೆ. ಆ ಕಥೆಯ ಐತಿಹಾಸಿಕತೆಯ ಚರ್ಚೆ ಇಲ್ಲಿ ಬೇಡ. ಹರಿಹರ ಕವಿ ತನ್ನ ರಗಳೆಯಲ್ಲಿ ನಿರೂಪಿಸಿರುವ ಒಂದು ಸಂಗತಿ ಮಾತ್ರ ಪ್ರಕೃತಕ್ಕೆ ಸಾಕು. ಮಹಾದೇವಿ ಅರಮನೆಗೆ ಹೋದದ್ದು ಕೆಲವು ಕರಾರುಗಳ ಮೇಲೆ. ಅರಸ ಒಪ್ಪಿದ, ಒಪ್ಪಿದ್ದನ್ನು ಮತ್ತೆ ಮತ್ತೆ ಮುರಿದ. ಕಡೆಗೆ ಒಪ್ಪಂದ ಅಲ್ಲಿಗೆ ಮುಗಿಯಿತೆಂದು ಬಗೆದ ಆಕೆ ಅರಮನೆಯ ಬಟ್ಟೆಯನ್ನೂ ಅಲ್ಲೇ ಬಿಟ್ಟು ಹೊರಟುಹೋದಳು. ಬಾಕಿ ಕೇಳುವುದಕ್ಕೆ ಅರಸನಿಗೆ ಏನೂ ಉಳಿಯಲಿಲ್ಲ. ಕಥೆಯನ್ನು ಜೈನರ ಮೇಲಿನ ಆಕ್ಷೇಪವೆಂದು ಓದಿ ನೊಂದುಕೊಳ್ಳುವವರುಂಟು. ಅದರಲ್ಲಿ ತಪ್ಪೆಂದು ತೋರಿಸಿರುವುದು ಬಲವುಳ್ಳವನು ತಾನು ಒಪ್ಪಿದ ಷರತ್ತನ್ನು ಮೀರಿದ್ದು. ಅದನ್ನು ತಪ್ಪೆನ್ನಲು ಯಾವ ಶ್ರಾವಕನಿಗೂ ಅಡ್ಡಿಯಿರಲಾರದು.

ಒಪ್ಪಂದ ಅವಧಿಗೆ ಮುನ್ನವೇ ಮುಗಿಯುವಾಗ ಯಾರು ಯಾರಿಗೆ ಏನು ಸಲ್ಲಿಸಬೇಕೆಂಬ ಪ್ರಶ್ನೆ ಇಂದು ಗೃಹಸ್ಥರ ಮನೆಗಳಲ್ಲಿ ಬೇರೊಂದು ರೂಪದಲ್ಲಿ ಏಳುತ್ತಿದೆ. ಐದು ವರ್ಷಗಳ ಕಂತಿನ ಮೇಲೆ ಕಾರು ಕೊಂಡ ಕುಟುಂಬಕ್ಕೆ ಮೂರು ವರ್ಷ ಕಳೆಯುವಷ್ಟರಲ್ಲಿ ಅಡಿಕೆಯ ಹಣವೋ ಆಸ್ತಿ ವಿಭಾಗದ ಹಣವೋ ಕೈಗೆ ಬರುತ್ತದೆ. ಸಾಲ ತೀರಿಸಿ ನಿಶ್ಚಿಂತರಾಗೋಣವೆಂದು ಹೋದರೆ, ಕೊಟ್ಟ ಲೆಕ್ಕದ ಚೀಟಿಯಲ್ಲಿ ಅಸಲಿನ ಬಾಕಿಯ ಕೆಳಗೆ ಇನ್ನೂ ನಾಲ್ಕೈದು ಸಾಲುಗಳಿರುತ್ತವೆ: ಮುಂಗಡ ಮುಕ್ತಾಯದ ಶುಲ್ಕ, ಅದರ ಮೇಲಿನ ತೆರಿಗೆ, ಎಂದೋ ಮರಳಿದ ಚೆಕ್ಕಿನ ದಂಡ, ಆ ದಂಡದ ಮೇಲಿನ ಬಡ್ಡಿ, ಕಾಗದಪತ್ರದ ವೆಚ್ಚ. ಯಾತ್ರಿಕರಿಗಾಗಿ ಸಾಲದ ಮೇಲೆ ವ್ಯಾನು ಕೊಂಡ ಬಸದಿಯ ಟ್ರಸ್ಟಿಗೂ ಇದೇ ಚೀಟಿ ಬರುತ್ತದೆ. ಇಲ್ಲಿ ಮುಚ್ಚಿಡಬಾರದ ಮತ್ತೊಂದು ಮಾತಿದೆ. ಚೀಟಿ ಬರೆಯುವ ಮೇಜಿನ ಆಚೆಗೆ ಕುಳಿತವರಲ್ಲೂ ಜೈನರಿದ್ದಾರೆ. ಲೇವಾದೇವಿ, ಗಿರವಿ, ವಾಹನಗಳ ಫೈನಾನ್ಸು ಇವು ನಮ್ಮ ಸಮಾಜದ ಅನೇಕರ ಕುಲವೃತ್ತಿಯಂತೆಯೇ ನಡೆದುಬಂದಿವೆ. ಆದ್ದರಿಂದ ಈ ವಿಷಯದಲ್ಲಿ ನಾವು ಬರಿಯ ಫಿರ್ಯಾದಿಗಳಲ್ಲ.

ಉಡುತಡಿಗೆ ನೆರೆಯ ಬಳ್ಳಿಗಾವೆ 11 ಮತ್ತು 12ನೆಯ ಶತಮಾನಗಳಲ್ಲಿ ಬನವಾಸಿ ಹನ್ನೆರಡುಸಾಸಿರದ ರಾಜಧಾನಿ, ದೊಡ್ಡ ವ್ಯಾಪಾರಸ್ಥಳ. ಸೆಟ್ಟಿಗಳೂ ನಾನಾದೇಶಿ ವರ್ತಕರೂ ಇಲ್ಲಿ ಸೇರುತ್ತಿದ್ದರು. 1068ರಲ್ಲಿ, ‘ಸುಕುಮಾರಚರಿತೆ’ಯ ಕವಿ ಶಾಂತಿನಾಥನ ಬಿನ್ನಹದ ಮೇರೆಗೆ ಲಕ್ಷ್ಮಣನೃಪನು ಇಲ್ಲಿನ ಮಲ್ಲಿಕಾಮೋದ ಶಾಂತಿನಾಥ ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಿದನು. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಪಾರ್ಶ್ವನಾಥ ಚೈತ್ಯಾಲಯಕ್ಕೆ ಆಶ್ರಯದಾತೆಯಾದಳು. ಅದಕ್ಕೂ ಮೊದಲು, ರಾಷ್ಟ್ರಕೂಟರ ಕಾಲದಲ್ಲಿ, ಪತಿ ಮಡಿದ ಬಳಿಕ ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆ ರೋಗ ಬಂದಾಗ ಮಗಳಿಗೆ ಹೊಣೆಯನ್ನು ಒಪ್ಪಿಸಿ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನವ್ರತ ಕೈಕೊಂಡಳು. ಇಂಥ ಬಸದಿಗಳ ನಿತ್ಯಪೂಜೆ ನಡೆಯುತ್ತಿದ್ದುದು ಭೂಮಿಯ ಉತ್ಪನ್ನದಿಂದ ಮಾತ್ರವಲ್ಲ. ದಾನಿಯು ಗದ್ಯಾಣಗಳನ್ನು ಮೂಲಧನವಾಗಿ ಇಡುವುದು, ಅದನ್ನು ವರ್ತಕರೋ ಊರವರೋ ವಹಿಸಿಕೊಳ್ಳುವುದು, ಅದರ ಬಡ್ಡಿಯಿಂದ ಹಾಲು, ಹೂ, ದೀಪ ಸಲ್ಲುವುದು ಕರ್ನಾಟಕದ ಶಾಸನಗಳಲ್ಲಿ ಎಲ್ಲೆಡೆ ಕಾಣುವ ಪದ್ಧತಿ. ಗೊಮ್ಮಟಸ್ವಾಮಿಯ ಅಭಿಷೇಕದ ಹಾಲಿಗೂ ಹೀಗೆಯೇ ಹೊನ್ನು ಇಟ್ಟವರಿದ್ದರು. ಬಡ್ಡಿಯನ್ನು ಜೈನರು ಪಾಪವೆಂದು ಎಣಿಸಲಿಲ್ಲ. ದೇವರ ದೀಪವೇ ಅದರಿಂದ ಉರಿಯುತ್ತಿತ್ತು. ಅವರು ಪಾಪವೆಂದದ್ದು ಬೇರೆಯದನ್ನು. ಅದಕ್ಕೆ ಬರುವ ಮುನ್ನ ನಾಡಿನ ಅಂದಿನ ವ್ಯವಹಾರಶಾಸ್ತ್ರವನ್ನು ನೋಡಬೇಕು.

ಬನವಾಸಿ ನಾಡು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಅವನ ರಾಜಧಾನಿ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನು. ಕನ್ನಡ ನೆಲದಲ್ಲಿ ಹುಟ್ಟಿದ ಈ ಗ್ರಂಥ ಬಂಗಾಳವೊಂದನ್ನುಳಿದು ಭಾರತದ ಬಹುಭಾಗಕ್ಕೆ ಪ್ರಮಾಣವಾಯಿತು. ಅದರ ದಾಯಭಾಗ ವಿಚಾರವನ್ನು ವಕೀಲರೆಲ್ಲ ಬಲ್ಲರು. ಋಣಾದಾನ ಪ್ರಕರಣವನ್ನು ಓದುವವರು ವಿರಳ. ಯಾಜ್ಞವಲ್ಕ್ಯನು ಅಲ್ಲಿ ಹೇಳುವ ನಾಲ್ಕು ನಿಯಮಗಳು ಇಂದಿನ ಫೈನಾನ್ಸ್ ಕಚೇರಿಯ ಗೋಡೆಯ ಮೇಲೆ ತೂಗುಹಾಕಲು ಯೋಗ್ಯವಾಗಿವೆ.

ಋಣಿಯು ಹಣವನ್ನು ತಂದು ಕೊಡುತ್ತಿರುವಾಗ ಧನಿಕನು ಬಡ್ಡಿಯ ಆಸೆಯಿಂದ ಅದನ್ನು ತೆಗೆದುಕೊಳ್ಳದಿದ್ದರೆ, ಆ ಹಣವನ್ನು ಮಧ್ಯಸ್ಥನಲ್ಲಿ ಇರಿಸಬಹುದು. ಇರಿಸಿದ ದಿನದಿಂದ ಅದು ಬೆಳೆಯುವುದಿಲ್ಲ, ಎಂದರೆ ಬಡ್ಡಿ ನಿಲ್ಲುತ್ತದೆ. ಅಡವನ್ನು ಬಿಡಿಸಿಕೊಳ್ಳಲು ಬಂದವನಿಗೆ ಅಡವನ್ನು ಕೊಡಲೇಬೇಕು. ಕೊಡದವನು ಕಳ್ಳನಂತೆ ದಂಡಾರ್ಹ. ಋಣಿ ಭಾಗಶಃ ಕೊಟ್ಟಾಗಲೆಲ್ಲ ಸಾಲಪತ್ರದ ಬೆನ್ನಿಗೆ ಅದನ್ನು ಬರೆಯಬೇಕು, ಇಲ್ಲವೆ ಧನಿಕನು ತನ್ನ ಕೈಬರಹದ ರಸೀತಿಯನ್ನು ಕೊಡಬೇಕು. ಸಾಲವೆಲ್ಲ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು, ಅಥವಾ ಸಾಲ ತೀರಿತೆಂಬುದಕ್ಕೆ ಬೇರೊಂದು ಶುದ್ಧಿಪತ್ರವನ್ನು ಬರೆಯಿಸಬೇಕು. ಕೌಟಿಲ್ಯನಂತೂ ತೀರಿಸಲು ಬಂದ ಸಾಲವನ್ನು ಸ್ವೀಕರಿಸದ ಧನಿಕನಿಗೆ 12 ಪಣ ದಂಡ ವಿಧಿಸುತ್ತಾನೆ. ಅವಧಿ ಮುಗಿಯುವ ಮುನ್ನವೇ ತಂದುಕೊಟ್ಟ ಹಣ ಎಂದು ಈ ವಚನಗಳು ಪ್ರತ್ಯೇಕವಾಗಿ ಹೇಳುವುದಿಲ್ಲ, ನಿಜ. ಆದರೆ ತಿಂಗಳ ಲೆಕ್ಕದ ಬಡ್ಡಿಯ ಆ ವ್ಯವಹಾರದಲ್ಲಿ ಕಳೆದ ಕಾಲಕ್ಕೆ ಬಡ್ಡಿ, ಕಳೆಯದ ಕಾಲಕ್ಕೆ ಇಲ್ಲ ಎಂಬ ತತ್ತ್ವವೇ ಅವುಗಳ ಬುಡದಲ್ಲಿದೆ. ಬಡ್ಡಿಯ ಬೆಳವಣಿಗೆಗೂ ಮಿತಿಯಿತ್ತು: ಹೊನ್ನಿನ ಸಾಲ ಎರಡರಷ್ಟು, ಧಾನ್ಯ ಮೂರರಷ್ಟು, ಬಟ್ಟೆ ನಾಲ್ಕರಷ್ಟು ಆದಲ್ಲಿಗೆ ನಿಲ್ಲಬೇಕು. ಆಂಗ್ಲರ ಕಾಲದ ನ್ಯಾಯಾಲಯಗಳು ‘ದಾಮ್‌ದುಪಟ್’ ಎಂಬ ಹೆಸರಿನಿಂದ ಎತ್ತಿಹಿಡಿದದ್ದು ಇದನ್ನೇ. ಮಧ್ಯಸ್ಥನಲ್ಲಿ ಹಣ ಇರಿಸುವ ನಿಯಮವೂ ಸತ್ತಿಲ್ಲ. ಸ್ಥಿರಾಸ್ತಿಯ ಅಡಮಾನದ ಮಟ್ಟಿಗೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 83 ಮತ್ತು 84ನೆಯ ಕಲಮುಗಳಲ್ಲಿ ಮಧ್ಯಸ್ಥನ ಸ್ಥಾನದಲ್ಲಿ ನ್ಯಾಯಾಲಯವಿದೆ, ಅಷ್ಟೇ.

ಇನ್ನು ವ್ರತಗಳ ಮಾತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಎಣಿಸಿದ್ದಾರೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ ಎಂಬೆರಡು ನೇರವಾಗಿ ವರ್ತಕನ ಅಂಗಡಿಯೊಳಗೆ ಬರುತ್ತವೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟಿರುವ ವಿವರಣೆ ಗಮನಾರ್ಹ. ಇನ್ನೊಬ್ಬನು ಹೇಳದಿದ್ದುದನ್ನು, ಮಾಡದಿದ್ದುದನ್ನು ಅವನು ಹೇಳಿದನೆಂದು, ಮಾಡಿದನೆಂದು ವಂಚನೆಗಾಗಿ ಬರೆಯುವುದು ಕೂಟಲೇಖ. ಹೊನ್ನನ್ನು ಇಟ್ಟುಹೋದವನು ಎಣಿಕೆ ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು ನ್ಯಾಸಾಪಹಾರ. ಇಲ್ಲಿ ಇಟ್ಟುಕೊಂಡವನು ಕದಿಯಲಿಲ್ಲ, ಸುಳ್ಳನ್ನು ತಾನಾಗಿ ಹುಟ್ಟಿಸಲೂ ಇಲ್ಲ. ಮರೆವಿಗೆ ತಲೆಯಾಡಿಸಿದ, ಅಷ್ಟೇ. ಅಷ್ಟನ್ನೇ ಆಚಾರ್ಯರು ವ್ರತದ ಕಲೆಯೆಂದರು. ಸಾಲದ ಆರಂಭದಲ್ಲಿ ಮುಂಗಡವಾಗಿ ಕಟ್ಟಿದ ಎರಡು ಕಂತುಗಳನ್ನು ಋಣಿ ಮೂರು ವರ್ಷಗಳ ಬಳಿಕ ಮರೆತಿದ್ದಾನೆ. ಮುಕ್ತಾಯದ ಚೀಟಿಯಲ್ಲಿ ಅವು ಜಮಾ ಆಗಿಲ್ಲ. ಅವನು ಕೇಳುವುದಿಲ್ಲ, ಗುಮಾಸ್ತ ಹೇಳುವುದಿಲ್ಲ. ಪೂಜ್ಯಪಾದರ ಉದಾಹರಣೆಗೆ ಇದಕ್ಕಿಂತ ಹತ್ತಿರದ ಪ್ರಸಂಗ ಯಾವುದಿದ್ದೀತು? ಖಾಲಿ ಮುದ್ರಿತ ಪತ್ರಗಳಿಗೆ ಹತ್ತಾರು ಸಹಿ ಹಾಕಿಸಿಕೊಂಡು, ದರವನ್ನೂ ಶುಲ್ಕವನ್ನೂ ಆಮೇಲೆ ತುಂಬುವ ರೂಢಿಯನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದೂ ಅದೇ ಸೂತ್ರದಲ್ಲಿದೆ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೊಂದು. ಕೊಡುವಾಗ ಕಿರಿಯ ಕೊಳಗ, ಕೊಳ್ಳುವಾಗ ಹಿರಿಯ ಕೊಳಗ. ಕೊಳಗ ಹೋಗಿ ಲೆಕ್ಕಯಂತ್ರ ಬಂದರೂ ದೋಷ ಹಾಗೆಯೇ ಉಳಿಯಬಹುದೆಂಬುದನ್ನು ಮುಂದೆ ಅಂಕಿಗಳಿಂದ ನೋಡೋಣ.

ಸಾಲ ಬಿಡುಗಡೆಯ ಇತಿಹಾಸದಲ್ಲಿ ಜೈನರು ಮರೆಯಬಾರದ ದಾಖಲೆಯೊಂದು ಶ್ರವಣಬೆಳಗೊಳದಲ್ಲಿದೆ. ಶಕವರ್ಷ 1556, ಭಾವ ಸಂವತ್ಸರ, ಎಂದರೆ ಕ್ರಿ.ಶ. 1634. ಮೈಸೂರಿನಲ್ಲಿ ಚಾಮರಾಜ ಒಡೆಯರ ಆಳ್ವಿಕೆ. ಬೆಳಗೊಳದ ಸ್ಥಾನಿಕರು ಕಷ್ಟಕಾಲದಲ್ಲಿ ದೇವರ ಭೂಮಿಯನ್ನು ವರ್ತಕರಿಗೆ ಅಡವಿಟ್ಟಿದ್ದರು. ವರ್ತಕರು ಅದನ್ನು ಬಹುಕಾಲ ಅನುಭವಿಸಿಕೊಂಡು ಬಂದಿದ್ದರು. ಇಂಥ ಭೋಗ್ಯದ ಅಡವಿನಲ್ಲಿ ಭೂಮಿಯ ಫಲ ಬಡ್ಡಿಗೆ ಸಲ್ಲುತ್ತದೆ, ಅಸಲು ಇದ್ದಂತೆಯೇ ಇರುತ್ತದೆ. ಎಷ್ಟು ವರ್ಷ ಕಳೆದರೂ ಸಾಲ ತೀರದು, ದೇವರ ಪೂಜೆಗೆ ಮಾತ್ರ ಹುಟ್ಟುವಳಿ ಇಲ್ಲ. ಫಲವೇ ಅಸಲಿನ ಎರಡರಷ್ಟಾದರೆ ಅಡವನ್ನು ಬಿಡಬೇಕೆಂದು ಯಾಜ್ಞವಲ್ಕ್ಯ ಹೇಳಿದ್ದುಂಟು. ಅದನ್ನು ಲೆಕ್ಕ ಹಾಕಿ ಕೇಳುವ ಧೈರ್ಯ ಸಾಲದಲ್ಲಿ ಮುಳುಗಿದ ಸ್ಥಾನಿಕರಿಗೆ ಎಲ್ಲಿಂದ ಬರಬೇಕು? ವಿಷಯ ಅರಸರ ಕಿವಿಗೆ ಬಿತ್ತು. ಅವರು ಅಡವು ಹಿಡಿದವರನ್ನು ಕರೆಯಿಸಿ, ಸ್ಥಾನಿಕರ ಸಾಲವನ್ನು ತಾವೇ ತೀರಿಸಿಕೊಡುವುದಾಗಿ ಹೇಳಿದರು. ಆಗ ಆ ವರ್ತಕರು ಹಣ ಬೇಡವೆಂದರು. ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಧಾರೆಯೆರೆದು ಬಿಟ್ಟುಕೊಡುವುದಾಗಿ ಬಿನ್ನವಿಸಿದರು. ಗೊಮ್ಮಟಸ್ವಾಮಿಯ ಸನ್ನಿಧಿಯಲ್ಲಿ, ಗುರುಗಳಾದ ಚಾರುಕೀರ್ತಿ ಪಂಡಿತದೇವರ ಸಮ್ಮುಖದಲ್ಲಿ ಬಿಡುಗಡೆಯಾಯಿತು. ಇನ್ನು ಮುಂದೆ ದೇವರ ಆಸ್ತಿಯನ್ನು ಅಡವಿಡಬಾರದು, ಯಾರೂ ಅಡವು ಹಿಡಿಯಲೂ ಬಾರದು ಎಂಬ ಕಟ್ಟಳೆಯನ್ನು ಕಲ್ಲಿನಲ್ಲಿ ಬರೆಯಿಸಲಾಯಿತು.

ಈ ಶಾಸನವನ್ನು ವರ್ತಕರ ಔದಾರ್ಯದ ದಾಖಲೆಯೆಂದು ಹೊಗಳಿ ಮುಗಿಸುವುದು ವಾಡಿಕೆ. ಅದರಲ್ಲಿ ಇನ್ನೆರಡು ವಿಷಯಗಳಿವೆ. ಅರಸರು ಸಾಲವನ್ನು ಮನ್ನಾ ಮಾಡಿರೆಂದು ಆಜ್ಞಾಪಿಸಲಿಲ್ಲ, ಹಣ ಕೊಡುತ್ತೇನೆ ಎಂದರು. ಸಾಲ ಕೊಟ್ಟವನ ನ್ಯಾಯವಾದ ಹಕ್ಕನ್ನು ಅವರು ಅಲ್ಲಗಳೆಯಲಿಲ್ಲ. ಎರಡನೆಯದಾಗಿ, ಕಟ್ಟಳೆ ಅಡವಿಡುವ ಸ್ಥಾನಿಕನನ್ನೂ ಸಾಲ ಕೊಡುವ ವರ್ತಕನನ್ನೂ ಸಮನಾಗಿ ಬಿಗಿಯಿತು. ಇಂದಿನ ಟ್ರಸ್ಟಿಗಳಲ್ಲಿ ಶಾಸನದ ಮೊದಲರ್ಧವನ್ನು ಓದಿದವರು ಹೆಚ್ಚು, ಉತ್ತರಾರ್ಧವನ್ನು ಓದಿದವರು ಕಡಿಮೆ.

ಭೂಮಿಯ ಅಡವಿನಿಂದ ವಾಹನದ ಅಡವಿಗೆ ಬಂದರೆ ಚಿತ್ರ ಬದಲಾಗುತ್ತದೆ. ಕಂತಿನ ಮೇಲೆ ವಸ್ತು ಕೊಳ್ಳುವ ಹೈರ್ ಪರ್ಚೇಸ್ ಪದ್ಧತಿ ಬ್ರಿಟನ್ನಿನಲ್ಲಿ ಬೆಳೆದು ಇಲ್ಲಿಗೆ ಬಂತು. ಅಲ್ಲಿ ಕೊನೆಯ ಒಂದೆರಡು ಕಂತು ತಪ್ಪಿದರೂ ಮಾಲನ್ನು ಕಿತ್ತೊಯ್ಯುವ ಅನ್ಯಾಯ ಮಿತಿಮೀರಿದಾಗ 1938ರಲ್ಲಿ ಕಾಯಿದೆ ಬಂದಿತು. ಕೊಂಡವನು ವಸ್ತುವನ್ನು ಹಿಂದಿರುಗಿಸಿ ಒಪ್ಪಂದವನ್ನು ತಾನಾಗಿ ಮುಗಿಸಬಹುದು, ಆಗ ಅವನ ಹೊಣೆ ಸಾಮಾನ್ಯವಾಗಿ ಒಟ್ಟು ಬೆಲೆಯ ಅರ್ಧವನ್ನು ಮೀರದು ಎಂಬ ತತ್ತ್ವ ಅಲ್ಲಿ ನೆಲೆಗೊಂಡು 1974ರ ಕಾಯಿದೆಯಲ್ಲೂ ಮುಂದುವರಿಯಿತು. ಭಾರತದಲ್ಲಿ ಗ್ರಾಹಕನೇ ವಾಹನ ಕೊಂಡು ಫೈನಾನ್ಸಿನವರು ಹಣ ಕೊಟ್ಟಿದ್ದರೆ, ಕಾಗದದ ಹೆಸರು ಏನೇ ಇರಲಿ, ಅದು ಸಾಲವೇ ಎಂದು ಸರ್ವೋಚ್ಚ ನ್ಯಾಯಾಲಯ 1966ರಲ್ಲಿ ತೀರ್ಮಾನಿಸಿತು. 1972ರಲ್ಲಿ ಸಂಸತ್ತು ಹೈರ್ ಪರ್ಚೇಸ್ ಅಧಿನಿಯಮವನ್ನು ಅಂಗೀಕರಿಸಿತು. ಅವಧಿಗೆ ಮುನ್ನ ತೀರಿಸುವವನಿಗೆ, ಬಾಕಿ ಉಳಿದ ಕಂತುಗಳ ಪ್ರಮಾಣಕ್ಕೆ ತಕ್ಕ ಬಡ್ಡಿಭಾಗದಲ್ಲಿ ಮೂರರಲ್ಲಿ ಎರಡು ಪಾಲು ರಿಯಾಯಿತಿ ಕೊಡಬೇಕೆಂದು ಅದರಲ್ಲಿ ಸೂತ್ರವಿತ್ತು. ಆ ಅಧಿನಿಯಮ ಜಾರಿಗೆ ಬರಲೇ ಇಲ್ಲ, 2005ರಲ್ಲಿ ರದ್ದಾಯಿತು. ಮೂವತ್ತಮೂರು ವರ್ಷ ಕಪಾಟಿನಲ್ಲಿದ್ದ ಕಾಯಿದೆಯಿದು. ಆ ಅವಧಿಯಲ್ಲಿ ಲಾರಿ, ಟ್ಯಾಕ್ಸಿ, ಕಾರುಗಳ ಸಾಲವೆಲ್ಲ ಮುದ್ರಿತ ಕರಾರುಪತ್ರ ಹೇಳಿದಂತೆ ನಡೆಯಿತು.

ಲೆಕ್ಕದ ಮಾತಿಗೆ ಬರೋಣ. 6 ಲಕ್ಷ ರೂಪಾಯಿ ಸಾಲ, 5 ವರ್ಷ, ‘ಫ್ಲ್ಯಾಟ್’ ಶೇ. 7 ಎಂದಿಟ್ಟುಕೊಳ್ಳೋಣ. ಬಡ್ಡಿ 2,10,000, ಒಟ್ಟು 8,10,000, ತಿಂಗಳ ಕಂತು 13,500. ಪ್ರತಿ ಕಂತಿನಲ್ಲೂ ಅಸಲು ಕರಗುತ್ತಿದ್ದರೂ ಬಡ್ಡಿಯನ್ನು ಮೊದಲ ದಿನದ ಅಸಲಿನ ಮೇಲೆಯೇ ಹಾಕಿರುವುದರಿಂದ, ಕರಗುವ ಬಾಕಿಯ ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು ಶೇ. 12.5 ಆಗುತ್ತದೆ. (ಅಡವಿರುವ ಸಾಲಕ್ಕೆ ಯಾಜ್ಞವಲ್ಕ್ಯ ಹೇಳಿದ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು ವರ್ಷಕ್ಕೆ ಶೇ. 15 ಆಗುತ್ತದೆ; ದರ ಅಷ್ಟೇನೂ ಬದಲಾಗಿಲ್ಲ, ಅದನ್ನು ಹೇಳುವ ರೀತಿ ಬದಲಾಗಿದೆ.) 36 ಕಂತು ಕಟ್ಟಿದ ಮೇಲೆ ಉಳಿದ 24 ಕಂತುಗಳ ಮೊತ್ತ 3,24,000. ಅದರಲ್ಲಿ ಇನ್ನೂ ಹುಟ್ಟದ ಬಡ್ಡಿ ಎಷ್ಟು? ಉಳಿದ ತಿಂಗಳುಗಳ ನೇರ ಪ್ರಮಾಣದಲ್ಲಿ ಎಣಿಸಿದರೆ 84,000. ಇದು ಋಣಿಗೆ ಹಿತ, ಆದರೆ ನ್ಯಾಯವಲ್ಲ. ಅಸಲು ಹೆಚ್ಚಿದ್ದ ಮೊದಲ ವರ್ಷಗಳಲ್ಲಿ ಬಡ್ಡಿ ಹೆಚ್ಚು ಹುಟ್ಟಿದ್ದು ದಿಟ. ಕರಗುವ ಬಾಕಿಯ ಲೆಕ್ಕದಲ್ಲಿ ಹುಟ್ಟದ ಬಡ್ಡಿ ಸುಮಾರು 38,650. ಎಂದರೆ 2,85,350 ರೂಪಾಯಿ ಕೊಟ್ಟರೆ ಸಾಲ ತೀರಬೇಕು. ಮೂರನೆಯ ವಿಧಾನವೊಂದಿದೆ, ‘78ರ ಸೂತ್ರ’. ಒಂದರಿಂದ ಹನ್ನೆರಡರವರೆಗಿನ ಅಂಕಿಗಳನ್ನು ಕೂಡಿದರೆ 78 ಬರುವುದರಿಂದ ಈ ಹೆಸರು. ಅದರಂತೆ 60 ತಿಂಗಳ ಅಂಕಿಗಳ ಮೊತ್ತ 1,830. ಕೊನೆಯ 24ರದು 300. ರಿಯಾಯಿತಿ 34,426 ಮಾತ್ರ. ಋಣಿಗೆ ಕಾಣದಂತೆ ನಾಲ್ಕು ಸಾವಿರಕ್ಕೂ ಮಿಕ್ಕಿ ಹಣ ಆಚೆ ಸರಿಯಿತು. ದರ ಹೇಳುವಾಗ ಚಿಕ್ಕದಾಗಿ ಕಾಣುವ ಕೊಳಗ, ಮುಕ್ತಾಯದಲ್ಲಿ ಇನ್ನೊಂದು ಕೊಳಗ. ಮುಂಗಡ ಮುಕ್ತಾಯಕ್ಕೆ ಬ್ರಿಟನ್ನು ಈ ಸೂತ್ರವನ್ನು 2004ರ ನಿಯಮಾವಳಿಯಿಂದ ಕೈಬಿಟ್ಟಿತು.

ಇದರ ಮೇಲೆ ಬಾಕಿಯ ಶೇ. 5ರಂತೆ ಮುಕ್ತಾಯ ಶುಲ್ಕ ಹಾಕಿದರೆ 14,267; ಅದಕ್ಕೆ ಶೇ. 18ರ ಜಿ.ಎಸ್.ಟಿ. ಸೇರಿ 16,835. ಉಳಿತಾಯವಾಗಬೇಕಿದ್ದ 38,650ರಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ಸಾಲ ಕೊಟ್ಟವನ ವಾದವನ್ನೂ ಕೇಳಬೇಕು. ಅವನೂ ಐದು ವರ್ಷಕ್ಕೆಂದು ಹಣ ಎತ್ತಿ ತಂದಿರುತ್ತಾನೆ. ನಡುವೆ ಮರಳಿದ ಹಣ ಕೆಲವು ಕಾಲ ದುಡಿಯದೆ ಕೂರುತ್ತದೆ. ಸಾಲ ಕೊಡುವಾಗ ಆದ ವೆಚ್ಚವನ್ನು ಅವನು ಐದು ವರ್ಷದ ಬಡ್ಡಿಯಲ್ಲಿ ಹಂಚಿಕೊಂಡಿರುತ್ತಾನೆ. ಆದ್ದರಿಂದ ಮೊದಲೇ ಬಾಯಿಬಿಟ್ಟು ಹೇಳಿದ, ಋಣಿ ಓದಿ ಒಪ್ಪಿದ, ನಿಜವಾದ ನಷ್ಟಕ್ಕೆ ಹತ್ತಿರವಾದ ಶುಲ್ಕವನ್ನು ಅತಿಚಾರವೆನ್ನಲಾಗದು. ಋಣಿಯ ಕಡೆಯ ತಪ್ಪುಗಳೂ ಕಡಿಮೆಯಿಲ್ಲ: ಹಣವಿಲ್ಲದ ಖಾತೆಗೆ ಚೆಕ್ಕು ಕೊಡುವುದು, ಕಂತು ತಪ್ಪಿಸಿ ವಾಹನವನ್ನು ಬೇರೂರಿನಲ್ಲಿ ಮರೆಮಾಡುವುದು. ಅಣುವ್ರತ ಅವನಿಗೂ ಅಷ್ಟೇ ಅನ್ವಯ. ಆಕ್ಷೇಪವಿರುವುದು ಹೇಳದೆ ಹಾಕುವ ಶುಲ್ಕಕ್ಕೆ, ವಾಹನದ ಕಾಗದವನ್ನು ಕೈಯಲ್ಲಿಟ್ಟುಕೊಂಡು ‘ಇದಿಷ್ಟು ಕೊಟ್ಟರೆ ಎನ್.ಓ.ಸಿ.’ ಎನ್ನುವುದಕ್ಕೆ.

ರಿಸರ್ವ್ ಬ್ಯಾಂಕಿನ ಇತ್ತೀಚಿನ ನಿಯಮಗಳು ಈ ದಿಕ್ಕಿನಲ್ಲೇ ಸಾಗಿವೆ. ಬದಲಾಗುವ ಬಡ್ಡಿದರದ ಗೃಹಸಾಲಗಳಿಗೆ ಬ್ಯಾಂಕುಗಳು ಮುಂಗಡ ಮುಕ್ತಾಯದ ಶುಲ್ಕ ಹಾಕುವುದನ್ನು 2012ರಲ್ಲಿಯೂ, ವ್ಯಕ್ತಿಗಳ ಅಂಥ ಎಲ್ಲ ಅವಧಿ ಸಾಲಗಳಿಗೆ 2014ರಲ್ಲಿಯೂ ನಿಷೇಧಿಸಿತು. 2019ರಲ್ಲಿ, ವ್ಯಾಪಾರೇತರ ಸಾಲಗಳ ಮಟ್ಟಿಗೆ, ಬ್ಯಾಂಕೇತರ ಹಣಕಾಸು ಕಂಪನಿಗಳಿಗೂ ವಿಸ್ತರಿಸಿತು. 2025ರ ಜುಲೈ 2ರ ನಿರ್ದೇಶನಗಳು ಇದನ್ನೆಲ್ಲ ಒಂದುಗೂಡಿಸಿದವು. ಅವು 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಿಗೆ ಅನ್ವಯಿಸುತ್ತವೆ. ಆದರೆ ಕಾರಿನ ಸಾಲಗಳಲ್ಲಿ ಅನೇಕವು ಸ್ಥಿರ ದರದವು. ಅವುಗಳಿಗೆ ಶುಲ್ಕ ಹಾಕುವ ಅವಕಾಶ ಉಳಿದಿದೆ. ಅಲ್ಲಿ ಋಣಿಗೆ ಆಸರೆಯಾಗುವುದು ಮುಖ್ಯಾಂಶಗಳ ಪತ್ರ. 2024ರ ಅಕ್ಟೋಬರ್ 1ರಿಂದ ಮಂಜೂರಾದ ಸಾಲಗಳಲ್ಲಿ, ಆ ಪತ್ರದಲ್ಲಿ ನಮೂದಿಸದ ಯಾವ ಶುಲ್ಕವನ್ನೂ ಋಣಿಯ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ವಾರ್ಷಿಕ ನಿಜದರವನ್ನೂ ಅದರಲ್ಲಿ ಬರೆಯಬೇಕು. ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಎಳೆಯುವುದನ್ನು 2023ರ ಆಗಸ್ಟ್ ಸುತ್ತೋಲೆ ನಿಲ್ಲಿಸಿತು. ಅದೇ ವರ್ಷದ ಸೆಪ್ಟೆಂಬರ್ ಸುತ್ತೋಲೆಯಂತೆ, ವೈಯಕ್ತಿಕ ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಮರಳಿಸಿ, ಆಸ್ತಿಯ ಮೇಲೆ ನೋಂದಾಯಿಸಿದ ಹೊಣೆಯನ್ನು ತೆಗೆಸಬೇಕು. ಸಾಲ ಕೊಟ್ಟವರ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಅಡವನ್ನು ಬಿಡದವನನ್ನು ಕಳ್ಳನೆಂದ ಸ್ಮೃತಿವಾಕ್ಯ ಹೀಗೆ ಸುತ್ತೋಲೆಯ ಭಾಷೆಗೆ ತಿರುಗಿದೆ. ಈ ಸುತ್ತೋಲೆಗಳು ರಿಸರ್ವ್ ಬ್ಯಾಂಕಿನ ಅಧೀನದ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಲೇವಾದೇವಿದಾರರಿಗೆ 1961ರ ಕರ್ನಾಟಕ ಲೇವಾದೇವಿದಾರರ ಅಧಿನಿಯಮವೂ, 2004ರ ಅತಿಬಡ್ಡಿ ನಿಷೇಧ ಅಧಿನಿಯಮವೂ ಇವೆ.

ಕೊನೆಯ ಹೆಜ್ಜೆಯನ್ನು ಅನೇಕ ಮನೆಗಳೂ ಟ್ರಸ್ಟುಗಳೂ ಮರೆಯುತ್ತವೆ. ಹಣ ಕಟ್ಟಿ ರಸೀತಿ ಪಡೆದೊಡನೆ ವಾಹನ ಋಣಮುಕ್ತವಾಗುವುದಿಲ್ಲ. ನೋಂದಣಿ ಪತ್ರದಲ್ಲಿ ಸಾಲ ಕೊಟ್ಟವರ ಹೆಸರು ಹಾಗೆಯೇ ಇರುತ್ತದೆ. 1988ರ ಮೋಟಾರು ವಾಹನ ಅಧಿನಿಯಮದ 51ನೆಯ ಕಲಮಿನಂತೆ, ಸಾಲ ಕೊಟ್ಟವರ ಸಹಿಯುಳ್ಳ 35ನೆಯ ನಮೂನೆಯನ್ನು ಸಾರಿಗೆ ಕಚೇರಿಗೆ ಸಲ್ಲಿಸಿ ಆ ನಮೂದನ್ನು ತೆಗೆಸಬೇಕು, ವಿಮಾಪತ್ರದಲ್ಲೂ ತೆಗೆಸಬೇಕು. ಯಾಜ್ಞವಲ್ಕ್ಯನ ಶುದ್ಧಿಪತ್ರವೆಂದರೆ ಇದೇ. ಶುಲ್ಕದ ಬಗ್ಗೆ ತಕರಾರಿದ್ದಲ್ಲಿ ಹಣ ಕಟ್ಟುವಾಗಲೇ ‘ಆಕ್ಷೇಪಣೆಯೊಡನೆ ಪಾವತಿ’ ಎಂದು ಪತ್ರ ಬರೆದುಕೊಟ್ಟು ಸ್ವೀಕೃತಿ ಪಡೆಯುವುದು, ಬಾಕಿಯನ್ನು ಯಾವ ವಿಧಾನದಿಂದ ಎಣಿಸಿದರೆಂಬ ತಖ್ತೆಯನ್ನು ಕೇಳುವುದು, ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆಗೋ ಗ್ರಾಹಕರ ಆಯೋಗಕ್ಕೋ ಹೋಗುವುದು ಋಣಿಗಿರುವ ದಾರಿ. ಬಸದಿಯ ಟ್ರಸ್ಟಿನ ವಾಹನವಾದರೆ ಆ ತಖ್ತೆಯನ್ನೂ ಮುಖ್ಯಾಂಶಗಳ ಪತ್ರವಿದ್ದಲ್ಲಿ ಅದನ್ನೂ ವಾರ್ಷಿಕ ಲೆಕ್ಕಪತ್ರದ ಜೊತೆಗೆ ಸಭೆಯ ಮುಂದಿಡಬೇಕು. ಸಾಲ ಎತ್ತುವ ಮುನ್ನವೇ ಬೆಳಗೊಳದ 1634ರ ಕಟ್ಟಳೆಯನ್ನೂ ಒಮ್ಮೆ ಅದೇ ಸಭೆಯಲ್ಲಿ ಓದಿಸಬೇಕು.